ಇನ್ನೂರ ಒಂಬತ್ತು ಸಲ ಎದ್ದ ಯಂತ್ರ

ಕಂತು ೭

"ಒಂದೇ ಒಂದು ಗಂಟೆ, ಸಿ ಮುಖ್ತಾರ್. ಆಮೇಲೆ ಇದು ತಾನಾಗೇ ಕಣ್ಣು ಮುಚ್ಚುತ್ತೆ. ಗಡಿಯಾರ ನೋಡ್ಕೋತಾ ಇರಿ."

ಅಷ್ಟು ಹೇಳಿ ದಲೆಂದಾ ಕಮ್ಮೂನ್ ಗುಂಡಿ ಒತ್ತಿದಳು. ನ್ಯಾಯಾಲಯದ ಅರಗಿನ ಮುದ್ರೆಯ ಹಿಂದೆ ಹೆಣದಂತೆ ಬಿದ್ದಿದ್ದ ಸರ್ವರ್ ಒಮ್ಮೆ ನರಳಿ, ಗೊರಗೊರ ಎನ್ನುತ್ತ ಎದ್ದಿತು. ನಿನ್ನೆ ಎರಡು ಸಲ ಎಬ್ಬಿಸಿದಾಗಲೂ ಸರಿಯಾಗಿ ಒಂದು ಗಂಟೆಗೆ ಅದು ಆರಿಹೋಗಿತ್ತು.

ಸ್ಫಾಕ್ಸ್ ಬಂದರಿನ ಸಫಾ ಶೀತಲಗೃಹದಲ್ಲಿ ಅಮೋನಿಯಾ ಸೋರಿ, ಮೀನು ಹಸನುಮಾಡುವ ಮೂವರು ಹೆಂಗಸರೂ ಅವರನ್ನು ಎಳೆತರಲು ನುಗ್ಗಿದ ಯಂತ್ರಪಾಲಕ ವಜ್ದಿ ತ್ರೀಕಿಯೂ ಸತ್ತು ಇಂದಿಗೆ ಐವತ್ತೆಂಟು ದಿನ. ಅಂದು ಈ ಸರ್ವರ್ ಹೊತ್ತಿಗೆ ಸರಿಯಾಗಿ ಸೈರನ್ ಏಕೆ ಕೂಗಿಸಲಿಲ್ಲ ಎಂದು ನ್ಯಾಯಾಲಯಕ್ಕೆ ಬರೆದುಕೊಡಬೇಕಾದ ತಜ್ಞೆ ದಲೆಂದಾ. ವರದಿಗೆ ಗಡುವು ನಾಳೆ ಮಧ್ಯಾಹ್ನ.

ನ್ಯಾಯಾಲಯದ ಗುಮಾಸ್ತ ಮುಖ್ತಾರ್ ಮೊಣಕಾಲ ಮೇಲೆ ಕಾಗದದ ಹಲಗೆ ಇಟ್ಟುಕೊಂಡು ಸ್ಟೂಲಿನ ಮೇಲೆ ಕುಳಿತಿದ್ದ. ಸ್ಟೂಲು ಚಿಕ್ಕದು, ಅವನು ದೊಡ್ಡವನು. ಊರಿನ ವಾಡಿಕೆಯಂತೆ ಅವಳಿಗೆ ಅವನು 'ಸಿ', ಅಂದರೆ ಶ್ರೀಯುತ; ಅವನಿಗೆ ಅವಳು 'ಲಲ್ಲಾ', ಅಂದರೆ ಅಮ್ಮಾವ್ರು.

"ಪರದೆಯ ಆ ಮೂಲೇಲಿ ಏನೋ ಬರೆದಿದೆಯಲ್ಲ, ಲಲ್ಲಾ ದಲೆಂದಾ? ಇರುವೆ ಸಾಲಿನ ಹಾಗೆ."

ದಲೆಂದಾ ಕನ್ನಡಕ ಮೇಲೇರಿಸಿ ಓದಿದಳು. "ಪರೀಕ್ಷಾರ್ಥ ಆವೃತ್ತಿ. ಪರವಾನಗಿಯ ಅವಧಿ ಮುಗಿದಿದೆ."

"ಅಂದ್ರೆ ಕಳ್ಳಮಾಲು."

"ಅಲ್ಲ. ರುಚಿ ನೋಡೋಕೆ ಕೊಟ್ಟಿದ್ದು. ಅಂಗಡಿಯವನು ಒಂದು ಆಲಿವ್ ಕೈಗೆ ಹಾಕಲ್ವಾ, ತಿಂದು ನೋಡಿ ಅಂತ? ಹಾಗೆ. ನೂರ ಎಂಬತ್ತು ದಿನ ಪುಕ್ಕಟೆ. ಆಮೇಲೆ ಕೊಳ್ಳಬೇಕು."

"ಕೊಳ್ಳದೇ ಹೋದ್ರೆ?"

"ಗಂಟೆಗೊಂದು ಸಲ ಮಲಗಿಬಿಡುತ್ತೆ. ಯಾರಾದ್ರೂ ಬಂದು ಗುಂಡಿ ಒತ್ತಬೇಕು. ಮತ್ತೆ ಒಂದು ಗಂಟೆ ಎಚ್ಚರ, ಮತ್ತೆ ನಿದ್ದೆ."

ಮುಖ್ತಾರ್ ಪೆನ್ನು ಕಿವಿಗೆ ಸಿಕ್ಕಿಸಿದ. "ಇಷ್ಟು ದೊಡ್ಡ ಗೋದಾಮು. ಒಳಗೆ ಅರವತ್ತು ಜನ. ಇವರಿಗೆ ಕೊಳ್ಳೋಕೆ ಏನು ಬಂದಿತ್ತು?"

"ಕೊಳ್ಳೋದೂ ಅಷ್ಟು ಸುಲಭ ಅಲ್ಲ. ಒಂದೇ ತಂತ್ರಾಂಶ, ನಾಕಾರು ಹೆಸರಲ್ಲಿ ಮಾರ್ತಾರೆ. ಸಣ್ಣ ಅಂಗಡಿಯವರದ್ದು ಒಂದು. ಇಪ್ಪತ್ತೈದು ಜನ ಒಳಗೆ ಬಂದ್ರೆ ಇಪ್ಪತ್ತಾರನೇವನಿಗೆ ಬಾಗಿಲು ತೆಗೆಯಲ್ಲ. ಶಾಲೆಯವರದ್ದು ಒಂದು, ಪಾಠಕ್ಕೆ ಮಾತ್ರ, ವ್ಯಾಪಾರಕ್ಕೆ ಮುಟ್ಟೋ ಹಾಗಿಲ್ಲ. ಇನ್ನು ಪೂರ್ತಿದು. ಅದಕ್ಕೆ ಯಂತ್ರದ ತಲೇಲಿ ಎಷ್ಟು ಮಿದುಳಿದೆ ಅಂತ ಎಣಿಸಿ ಬೆಲೆ ಕಟ್ತಾರೆ, ಮೇಲೆ ಬಳಸೋ ಒಬ್ಬೊಬ್ಬ ಮನುಷ್ಯನಿಗೂ ಒಂದೊಂದು ಅನುಮತಿ ತಗೋಬೇಕು."

"ಕುಸ್ಕುಸ್ ಒಂದೇ, ತಟ್ಟೆ ಬೇರೆ ಬೇರೆ ಅನ್ನಿ."

"ತಟ್ಟೆ ತಪ್ಪಿದ್ರೆ ಊಟ ಕೆಡಲ್ಲ, ಸಿ ಮುಖ್ತಾರ್. ಇಲ್ಲಿ ನಾಲ್ಕು ಮನೆ ಕೆಟ್ಟಿದೆ."

ಮುಖ್ತಾರ್ ತಲೆ ತಗ್ಗಿಸಿ ಪೆನ್ನು ಕೈಗೆ ತೆಗೆದುಕೊಂಡ.

ಯಂತ್ರಕ್ಕೂ ಒಂದು ದಿನಚರಿ ಇರುತ್ತದೆ. ಯಾವಾಗ ಎದ್ದೆ, ಯಾವಾಗ ಮಲಗಿದೆ ಎಂದು ಅದು ಯಾರೂ ಕೇಳದಿದ್ದರೂ ಬರೆದಿಟ್ಟುಕೊಳ್ಳುತ್ತದೆ. ದಲೆಂದಾ ಅದನ್ನು ಬಿಚ್ಚಿದಳು. ತಂತ್ರಾಂಶ ಕೂರಿಸಿದ್ದು ಸೆಪ್ಟೆಂಬರ್ ಹದಿನೈದು. ಬೆರಳ ಗೆಣ್ಣಿನ ಮೇಲೆ ತಿಂಗಳುಗಳನ್ನು ಎಣಿಸಿದಳು. ನೂರ ಎಂಬತ್ತನೆಯ ದಿನ ಮಾರ್ಚ್ ಹದಿನಾಲ್ಕಕ್ಕೆ ಬಿದ್ದಿತು. ಅನಾಹುತ ನಡೆದದ್ದು ಮಾರ್ಚ್ ಇಪ್ಪತ್ತಮೂರು.

ನಡುವೆ ಒಂಬತ್ತು ದಿನ. ಆ ಒಂಬತ್ತು ದಿನ ಈ ಯಂತ್ರ ಹೇಗೆ ಬದುಕಿತ್ತು?

ಪುಟ ಕೆಳಗಿಳಿಸಿದಳು. ಮಲಗಿತು. ಎದ್ದಿತು. ಮಲಗಿತು. ಎದ್ದಿತು. ಹಗಲು, ರಾತ್ರಿ, ಬೆಳಗಿನ ಜಾವ, ಶುಕ್ರವಾರದ ನಮಾಜಿನ ಹೊತ್ತು. ಮಲಗಿದ ಒಂದು ನಿಮಿಷಕ್ಕೆ ಎದ್ದಿದೆ. ಒಂದೂವರೆ ನಿಮಿಷಕ್ಕೆ ಎದ್ದಿದೆ. ಐದನೆಯ ದಿನದಿಂದ ಎರಡು ನಿಮಿಷ, ಮೂರು ನಿಮಿಷ. ಎಂಟನೆಯ ದಿನ ಒಮ್ಮೆ ಏಳು ನಿಮಿಷ.

"ಎಷ್ಟು ಸಲ?" ಮುಖ್ತಾರನ ದನಿ ಇಳಿದಿತ್ತು.

"ಇನ್ನೂರ ಒಂಬತ್ತು."

"ಇದನ್ನ ಮನುಷ್ಯ ಮಾಡಿದ್ದಾ?"

ದಲೆಂದಾ ಎದ್ದು ಯಂತ್ರದ ಕಪಾಟಿನ ಹಿಂದೆ ಬಗ್ಗಿ ನೋಡಿದಳು. ಮೊದಲ ತಪಾಸಣೆಯವರು ಪಟ್ಟಿಯಲ್ಲಿ 'ಬಟ್ಟೆ, ಒಂದು' ಎಂದು ಬರೆದು ಬಿಟ್ಟುಹೋದದ್ದು ಅಲ್ಲೇ ಇತ್ತು. ಬಟ್ಟೆಯಲ್ಲ, ಮಡಚಿದ ಕುರಿಚರ್ಮದ ಹಾಸು. ಅದರ ಮೇಲೆ ಒಂದು ಗಿಡ್ಡ ತಲೆದಿಂಬು. ಪಕ್ಕದಲ್ಲಿ ಒಣಗಿ ಕಲ್ಲಾದ ರೊಟ್ಟಿಯ ತುಂಡು, ಅಂಚು ಕಚ್ಚಿದ ಗುರುತಿನ ಸಮೇತ.

ಒಂಬತ್ತು ದಿನ ವಜ್ದಿ ಇಲ್ಲಿ, ಯಂತ್ರದ ಬಿಸಿಗಾಳಿಗೆ ಬೆನ್ನು ಕೊಟ್ಟು ಮಲಗಿದ್ದ. ಗಂಟೆಗೊಮ್ಮೆ ಎದ್ದು ಗುಂಡಿ ಒತ್ತಿದ್ದ. ಹಸುಗೂಸಿನ ತಾಯಿಯೂ ಇಷ್ಟು ಸಲ ಏಳುವುದಿಲ್ಲ.

ದಿನಚರಿಯಲ್ಲಿ ಅನಾಹುತದ ದಿನದ ಸಾಲಿಗೆ ಬಂದಳು. ಮಾರ್ಚ್ ಇಪ್ಪತ್ತಮೂರು, ಬೆಳಿಗ್ಗೆ ಹತ್ತು ಹದಿನಾಲ್ಕು: ಮಲಗಿತು. ಹತ್ತು ಐವತ್ತೊಂದು: ಎದ್ದಿತು.

ಮೂವತ್ತೇಳು ನಿಮಿಷ.

ಅಮೋನಿಯಾ ಸೋರಿದ ನಾಲ್ಕನೆಯ ಕೋಣೆಯ ಗೋಡೆಯಲ್ಲಿದ್ದ ಅನಿಲಮಾಪಕಕ್ಕೆ ತನ್ನದೇ ನೆನಪಿತ್ತು. ಹತ್ತು ಇಪ್ಪತ್ತೇಳಕ್ಕೇ ಅದು ವಿಷವನ್ನು ಮೂಸಿ ಸರ್ವರ್‌ಗೆ ಸುದ್ದಿ ಕಳಿಸಿತ್ತು. ಸುದ್ದಿ ಕೇಳಿ ಸೈರನ್ ಕೂಗಿಸಬೇಕಾದ ಸರ್ವರ್ ನಿದ್ದೆಯಲ್ಲಿತ್ತು. ಅದು ಎದ್ದು ಸೈರನ್ ಕೂಗಿಸುವ ಹೊತ್ತಿಗೆ ಮಬ್ರೂಕಾ, ಹ್ನಿಯಾ, ರಬಿಹಾ ನೆಲಕ್ಕೆ ಬಿದ್ದು ಇಪ್ಪತ್ತು ನಿಮಿಷ ಕಳೆದಿತ್ತು. ವಜ್ದಿ ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಒಳಗೆ ನುಗ್ಗಿದ. ಅವರ ಜೊತೆ ಬಿದ್ದಿದ್ದ, ಇನ್ನೂ ಉಸಿರಿದ್ದ ಬೇರೆ ಇಬ್ಬರನ್ನು ಒಬ್ಬೊಬ್ಬರಾಗಿ ಹೊತ್ತು ತಂದ. ಮೂರನೆಯ ಸಲ ಹೋದವನು ಬರಲಿಲ್ಲ.

ಅಲ್ಲಿಯವರೆಗೆ ಒಮ್ಮೆಯೂ ಏಳು ನಿಮಿಷ ಮೀರದವನು ಈ ಒಂದು ಸಲ ಮೂವತ್ತೇಳು ನಿಮಿಷ ಎಲ್ಲಿದ್ದ? ಅದಕ್ಕಿಂತ ದೊಡ್ಡ ಪ್ರಶ್ನೆ ಇನ್ನೊಂದಿತ್ತು. ಕಾವಲುಗಾರನಿಗೋ, ಗುಮಾಸ್ತನಿಗೋ, ಯಾರಿಗಾದರೂ "ಗಂಟೆಗೊಮ್ಮೆ ಇದನ್ನು ಒತ್ತಪ್ಪ" ಎಂದು ಹೇಳಬಹುದಿತ್ತಲ್ಲ. ಏಕೆ ಹೇಳಲಿಲ್ಲ? ಏನನ್ನು ಬಚ್ಚಿಡುತ್ತಿದ್ದ?

"ಇಪ್ಪತ್ತು ನಿಮಿಷ ಉಳೀತು," ಎಂದ ಮುಖ್ತಾರ್.

ಅವಳು ಪತ್ರಗಳನ್ನು ಹುಡುಕಿದಳು. ಸಿಕ್ಕವು ಮೂರು, ಮೂರೂ ವಜ್ದಿ ಮಾಲೀಕ ಮುನ್ಸಿಫ್ ಬಸ್‌ಬಸ್‌ಗೆ ಬರೆದವು. ಪೂರ್ತಿ ಆವೃತ್ತಿ ಬೇಕು, ಹದಿನಾರು ಮಿದುಳಿನ ಯಂತ್ರಕ್ಕೆ ಸರಿಹೊಂದುವ ಪರವಾನಗಿ ಬೇಕು, ಅರವತ್ತು ಜನರ ಅನುಮತಿ ಬೇಕು, ಒಂದು ಯಂತ್ರ ಬಿದ್ದರೆ ಕೆಲಸ ಹೊತ್ತುಕೊಳ್ಳಲು ಎರಡನೆಯ ಯಂತ್ರ ಬೇಕು. ಮೊದಲ ಪತ್ರದಲ್ಲಿ ಬೇಡಿಕೆ, ಎರಡನೆಯದರಲ್ಲಿ ಬಿನ್ನಹ. ಮೂರನೆಯದರಲ್ಲಿ ಬರೆದಿದ್ದ:

'ಸಣ್ಣ ಅಂಗಡಿಯ ಆವೃತ್ತಿ ನಮಗೆ ಸಾಲದು, ಬೇರೆಯವರ ಹೆಸರಿನದು ನಮಗೆ ಸಲ್ಲದು. ಸಂಸ್ಥೆಯಲ್ಲಿ ನಮಗೆ ಪಾಠ ಹೇಳಿದ ಲಲ್ಲಾ ಕಮ್ಮೂನ್ ಹೇಳುತ್ತಿದ್ದರು, ಸಲ್ಲದ ಕೀಲಿಯಿಂದ ಬಾಗಿಲು ತೆರೆದವನು ಆ ಬಾಗಿಲನ್ನು ಮತ್ತೆ ಮುಚ್ಚಲಾರ ಎಂದು. ದಯವಿಟ್ಟು ಹದಿನಾಲ್ಕನೇ ತಾರೀಕಿನ ಒಳಗೆ...'

ದಲೆಂದಾಳ ಬೆರಳು ನಿಂತುಹೋಯಿತು. ಹನ್ನೆರಡು ವರ್ಷ ಸಂಜೆಯ ತರಗತಿಗಳಲ್ಲಿ ಪಾಠ ಮಾಡಿದ್ದಳು. ಎಷ್ಟೋ ಮುಖಗಳು. ಅದರಲ್ಲಿ ಇವನ ಮುಖ ಯಾವುದು? ಶವಾಗಾರದ ಚಿತ್ರದಲ್ಲಿ ನೋಡಿದ ಊದಿದ ಮುಖವನ್ನು ಹತ್ತು ವರ್ಷ ಹಿಂದಕ್ಕೆ ಒಯ್ದು ಬೆಂಚಿನ ಮೇಲೆ ಕೂರಿಸಲು ಹೆಣಗಿದಳು. ಕೂರಲಿಲ್ಲ. ಅವನು ಅವಳ ಮಾತನ್ನು ಇಟ್ಟುಕೊಂಡಿದ್ದ. ಅವಳು ಅವನ ಹೆಸರನ್ನೂ ಇಟ್ಟುಕೊಂಡಿರಲಿಲ್ಲ.

"ಲಲ್ಲಾ? ಹುಷಾರಾಗಿದ್ದೀರಾ?"

"ಬರ್ಕೊಳ್ಳಿ," ಎಂದಳು. "ಮೂರನೇ ಪತ್ರಕ್ಕೆ ಮಾಲೀಕರು ಒಂದೇ ಸಾಲಿನ ಉತ್ತರ ಕೊಟ್ಟಿದ್ದಾರೆ. 'ಇರುವುದರಲ್ಲೇ ನಡೆಸು. ಕೈಯಲ್ಲಿದೆಯಲ್ಲ, ಅದನ್ನು ಹಾಕು.'"

"ಅದನ್ನು ಅಂದ್ರೆ ಯಾವುದನ್ನ?"

ಯಂತ್ರ ಒಂದು ನಿಟ್ಟುಸಿರಿನಂಥ ಸದ್ದು ಮಾಡಿ ಆರಿಹೋಯಿತು. ಒಂದು ಗಂಟೆ ಮುಗಿದಿತ್ತು.

*

ಮುನ್ಸಿಫ್ ಬಸ್‌ಬಸ್‌ನ ಕೋಣೆಯ ಕಿಟಕಿಗೆ ಬಂದರು ಕಾಣುತ್ತಿತ್ತು. ಅವನು ಕಿಟಕಿಗೆ ಬೆನ್ನು ಹಾಕಿ ಕುಳಿತಿದ್ದ. ಗಡ್ಡ ಬೋಳಿಸಿ ಎಷ್ಟೋ ದಿನವಾದಂತಿತ್ತು.

"ಕಾಫಿ?"

"ಬೇಡ," ಎಂದಳು ದಲೆಂದಾ. "ವಜ್ದಿ ಪೂರ್ತಿ ಆವೃತ್ತಿ ಬೇಕು ಅಂತ ನಿಮಗೆ ಯಾವತ್ತೂ ತಿಳಿಸಲೇ ಇಲ್ಲ ಅಂತ ಪೊಲೀಸರ ಮುಂದೆ ಹೇಳಿದ್ದೀರಿ."

"ಹೌದು."

"ಮೂರು ಪತ್ರ ಓದಿ ಬಂದೆ ಈಗ. ನಿಮ್ಮ ಉತ್ತರವನ್ನೂ ಓದಿದೆ."

ಅವನು ಮುಖ್ತಾರನ ಪೆನ್ನನ್ನು ನೋಡಿದ. ಪೆನ್ನು ಓಡುತ್ತಲೇ ಇತ್ತು. "ದಿನಕ್ಕೆ ನೂರು ಕಾಗದ ಬರುತ್ತೆ," ಎಂದ.

"ನೂರಕ್ಕೂ 'ಅದನ್ನು ಹಾಕು' ಅಂತ ಬರೀತೀರಾ? ಯಾವುದನ್ನ ಹಾಕು ಅಂದ್ರಿ, ಸಿ ಮುನ್ಸಿಫ್?"

ಬಸ್‌ಬಸ್ ಮೇಜಿನ ಖಾನೆ ಎಳೆದ. ಹಸಿರು ಕಡತವೊಂದನ್ನು ತೆಗೆದು ಅವಳತ್ತ ತಳ್ಳಿದ. ಇದಕ್ಕಾಗಿಯೇ ಕಾಯುತ್ತಿದ್ದವನಂತೆ ಕೈ ಸ್ವಲ್ಪವೂ ತಡೆಯಲಿಲ್ಲ.

"ಇದನ್ನ. ಜನವರಿಯಲ್ಲೇ ಬಂದಿತ್ತು ಪರವಾನಗಿ. ಕೀಲಿಯ ಸಂಖ್ಯೆ ಸಮೇತ. ಅವನೇ ತಂದಿದ್ದು. 'ಬಂದಿದೆ' ಅಂತ ನನಗೆ ತೋರಿಸಿದ. ನಾನು ಕೆಲಸ ಮುಗೀತು ಅಂದ್ಕೊಂಡೆ. ಅವನು ಅದನ್ನ ಯಂತ್ರಕ್ಕೆ ಹಾಕಲೇ ಇಲ್ಲ! ಆ ಇಪ್ಪತ್ತೈದು ಅಕ್ಷರ ಒತ್ತಿದ್ರೆ ಸಾಕಿತ್ತು. ಐದು ನಿಮಿಷದ ಕೆಲಸ."

ದಲೆಂದಾ ಕಡತ ಬಿಚ್ಚಿದಳು. ಕಾಗದ ಅಸಲಿ, ಕೀಲಿ ಅಸಲಿ. ಪೂರ್ತಿ ಆವೃತ್ತಿಯ ಎಲ್ಲ ಶಕ್ತಿಯೂ ಇರುವ ಪರವಾನಗಿ. ಆದರೆ ಮೇಲೆ ದಪ್ಪಕ್ಷರದಲ್ಲಿ ಬರೆದಿತ್ತು: ಬೋಧನೆಯ ಬಳಕೆಗೆ ಮಾತ್ರ. ಪಡೆದವರು: ಮುರ್ಜಾನ್ ಪ್ರಾಥಮಿಕ ಶಾಲೆ, ಸ್ಫಾಕ್ಸ್.

ಮುರ್ಜಾನ್ ಶಾಲೆಯ ಹೆಸರನ್ನು ಅವಳು ಬಲ್ಲಳು. ವಜ್ದಿಯ ಹೆಂಡತಿ ಇಬ್ತಿಹಾಲ್ ಅಲ್ಲಿಯೇ ಪಾಠ ಹೇಳುತ್ತಿದ್ದದ್ದು. ತಂತ್ರಾಂಶದ ಕೀಲಿ ಮಾರಿಕೊಂಡನೆಂಬ ಗಾಳಿಮಾತಿನಿಂದ ಗಂಡನ ಹೆಸರಿಗೆ ಅಂಟಿದ ಮಸಿ ತೊಳೆಯಿರಿ ಎಂದು ಪರಿಹಾರದ ಕಾಗದವನ್ನೂ ಹಿಂದಿರುಗಿಸಿ ನ್ಯಾಯಾಲಯದ ಮೆಟ್ಟಿಲು ಹತ್ತಿದವಳು.

ಪುಟ ತಿರುಗಿಸಿದಳು. ಅರ್ಜಿಯ ಕೆಳಗೆ, ಜವಾಬ್ದಾರ ಶಿಕ್ಷಕರ ಸಹಿ. ಇಬ್ತಿಹಾಲ್ ತ್ರೀಕಿ.

"ಇದು ಶಾಲೆಗೆ ಕೊಟ್ಟದ್ದು," ಎಂದಳು. "ಮಕ್ಕಳಿಗೆ ಕಲಿಸೋಕೆ ಅಂತ ಬಹಳ ಅಗ್ಗಕ್ಕೆ ಕೊಡ್ತಾರೆ. ನಿಮ್ಮ ಮೀನಿನ ಗೋದಾಮಿಗೆ ಹಾಕೋದು ವಂಚನೆ. ನಿಮಗೆ ಗೊತ್ತಿತ್ತು."

"ನನಗೆ ಗೊತ್ತಿರೋದು ಮೀನು. ಆವೃತ್ತಿ, ಪರವಾನಗಿ, ಅವೆಲ್ಲ ಅವನ ವಿದ್ಯೆ."

"'ನಿನ್ನ ಹೆಂಡತಿ ಟೀಚರಲ್ವಾ' ಅಂತ ಹೇಳಿಕೊಟ್ಟೋರು ಯಾರು?"

ಬಸ್‌ಬಸ್‌ನ ಕಣ್ಣು ಒಮ್ಮೆ ಅಳುಕಿತು. ಅಷ್ಟೇ ಸಾಕಿತ್ತು ಅವಳಿಗೆ. ಆದರೆ ಮರುಗಳಿಗೆಯಲ್ಲೇ ಅವನು ಎದ್ದು ನಿಂತ. ದನಿ ಒಡೆದಿತ್ತು.

"ಸರಿ. ನಾನೇ ಅಂದೆ ಅಂತ ಇಟ್ಕೊಳ್ಳಿ. ಬಾಯಿಮಾತಿಗೆ ಅಂದಿರಬಹುದು. ಈಗ ನೀವು ನನಗೊಂದು ಹೇಳಿ, ತಜ್ಞೆ ಅಲ್ವಾ ನೀವು? ಅವನು ಆ ಕೀಲಿ ಹಾಕಿದ್ದಿದ್ರೆ ಯಂತ್ರ ಮಲಗ್ತಿತ್ತಾ?"

ದಲೆಂದಾ ಕಡತ ಮುಚ್ಚಿದಳು.

"ಹೇಳಿ! ಮಲಗ್ತಿತ್ತಾ?"

"ಇಲ್ಲ."

"ಸೈರನ್ ಕೂಗ್ತಿತ್ತಾ?"

"ಕೂಗ್ತಿತ್ತು."

"ಮಬ್ರೂಕಾ ನನ್ನನ್ನ ಬೆನ್ನ ಮೇಲೆ ಹೊತ್ತು ಈ ಬಂದರೆಲ್ಲ ತಿರುಗಿಸಿದವಳು. ನಮ್ಮಪ್ಪನ ದೋಣಿ ಕಾಲದಿಂದ ಇದ್ದವಳು. ಅವಳ ಜನಾಜಕ್ಕೆ ಹೆಗಲು ಕೊಟ್ಟಿದ್ದೀನಿ ನಾನು. ಅವನು ಪ್ರಾಮಾಣಿಕ, ಸಲ್ಲದ್ದನ್ನ ಮುಟ್ಟಲ್ಲ, ಬಹಳ ಒಳ್ಳೇದು. ಆ ಪ್ರಾಮಾಣಿಕತೆಗೆ ಮೂರು ಹೆಂಗಸರ ಜೀವ ಸಮಾನವಾ? ಬರೀರಿ ಇದನ್ನ ನಿಮ್ಮ ವರದೀಲಿ!"

ಮುಖ್ತಾರನ ಪೆನ್ನು ನಿಂತಿತು.

ಉತ್ತರ ಇತ್ತು. ಕೊಳ್ಳಬೇಕಾದವನು ಸರಿಯಾದದ್ದನ್ನು ಕೊಂಡಿದ್ದರೆ ಈ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ ಎಂಬ ಉತ್ತರ. ದಲೆಂದಾ ಅದನ್ನು ಹೇಳಿದಳು ಕೂಡ. ಆದರೆ ಹೇಳುವಾಗ ಅವಳಿಗೇ ಅದು ಬಾಯಿಪಾಠದಂತೆ ಕೇಳಿಸಿತು. ಸಲ್ಲದ ಕೀಲಿ ಮುಟ್ಟಬೇಡ ಎಂದು ಕಲಿಸಿದವಳು ಅವಳು. ಮುಟ್ಟದೆ ಹೋದರೆ ಏನಾಗಬಹುದು ಎಂದು ಅವಳು ಯಾವ ತರಗತಿಯಲ್ಲೂ ಹೇಳಿರಲಿಲ್ಲ.

ಬಸ್‌ಬಸ್ ಕುರ್ಚಿಯಲ್ಲಿ ಕುಸಿದ. "ಇನ್ನೊಂದು. ಆ ಮೂವತ್ತೇಳು ನಿಮಿಷ ಅವನೆಲ್ಲಿದ್ದ ಅಂತ ಎಲ್ಲರನ್ನೂ ಕೇಳ್ತಿದ್ದೀರಂತೆ. ಗೇಟಿನ ಪುಸ್ತಕದ ಆ ದಿನದ ಹಾಳೆ ಯಾಕೆ ಕಾಣೆಯಾಯ್ತು ಅಂತ ಕೂಡ. ನಾನೇ ತೆಗೆದಿಟ್ಟಿದ್ದೆ. ಸತ್ತವನ ಮನೆಯವರಿಗೆ ಇನ್ನೂ ನೋವು ಯಾಕೆ ಅಂತ. ನಂಬ್ತೀರೋ ಬಿಡ್ತೀರೋ."

ಅವನು ಹರಿದ ಹಾಳೆಯೊಂದನ್ನು ಮೇಜಿನ ಮೇಲಿಟ್ಟ. ಕಾವಲುಗಾರನ ವಕ್ರ ಅಕ್ಷರ. ಒಂಬತ್ತು ಐವತ್ತೆರಡು, ವಜ್ದಿ ತ್ರೀಕಿ ಹೊರಗೆ. ಹತ್ತು ನಲವತ್ತೊಂಬತ್ತು, ಒಳಗೆ. ಕಾರಣದ ಕಡೆ ಒಂದೇ ಪದ: ಹೆಂಡತಿ.

*

ಮುಖ್ತಾರನನ್ನು ಕಾರಿನಲ್ಲೇ ಇರಿಸಿ ದಲೆಂದಾ ಒಬ್ಬಳೇ ಮೂರನೆಯ ಮಹಡಿ ಹತ್ತಿದಳು. "ಹೇಳಿಕೆ ಇದ್ರೆ ಕೂಗಿ, ಬರ್ತೀನಿ," ಎಂದಿದ್ದ ಅವನು. ಮಧ್ಯಾಹ್ನದ ಅಝಾನ್ ಆಗಷ್ಟೇ ಮುಗಿದಿತ್ತು.

ಇಬ್ತಿಹಾಲ್ ಬಾಗಿಲು ತೆರೆದಳು. ಮೈಮೇಲೆ ಗಂಡ ಸತ್ತವಳು ಪಾಲಿಸುವ ಇದ್ದತ್ತಿನ ಬಿಳಿ ಬಟ್ಟೆ. ನಾಲ್ಕು ತಿಂಗಳು ಹತ್ತು ದಿನದಲ್ಲಿ ಇನ್ನೂ ಅರ್ಧವೂ ಕಳೆದಿರಲಿಲ್ಲ. ಮೂವತ್ತೆರಡರ ಹೆಣ್ಣು, ಮುಖ ಮಾತ್ರ ಯಾರೋ ಉಪಯೋಗಿಸಿ ಮಡಚಿಟ್ಟಂತೆ.

ಕಾಫಿ ತಂದಳು. ಕಿತ್ತಳೆ ಹೂವಿನ ನೀರು ಎರಡು ಹನಿ ಹೆಚ್ಚಾಗಿ ಬಿದ್ದಿತ್ತು.

"ಮೊನ್ನೆ ರಬಿಹಾಳ ತಾಯಿ ಬಂದಿದ್ಲು," ಎಂದಳು, ತಾನೇ ಮಾತು ತೆಗೆದು. "ಬಾಗಿಲಲ್ಲೇ ನಿಂತ್ಲು. ಒಳಗೆ ಬಾ ಅಂದೆ, ಬರಲಿಲ್ಲ. ನಿನ್ನ ಗಂಡ ಕೀಲಿ ಮಾರ್ಕೊಂಡನಂತೆ, ಹೌದಾ ಅಂತ ಕೇಳಿದ್ಲು. ಇಲ್ಲ ಅಮ್ಮಾ ಅಂದೆ. ಹಾಗಾದ್ರೆ ನನ್ನ ಮಗಳು ಯಾಕೆ ಸತ್ಲು ಅಂದ್ಲು. ನನ್ನ ಹತ್ರ ಉತ್ತರ ಇರಲಿಲ್ಲ. ನಿಮ್ಮ ಹತ್ರ ಇದೆಯಾ?"

"ಮಾರಲಿಲ್ಲ. ಅದು ನನಗೆ ಈಗ ಖಚಿತ." ದಲೆಂದಾ ಲೋಟ ಕೆಳಗಿಟ್ಟಳು. "ಒಂಬತ್ತು ದಿನ ಗಂಟೆಗೊಮ್ಮೆ ಎದ್ದು ಆ ಯಂತ್ರ ಕಾಯ್ತಾ ಇದ್ದ. ಇನ್ನೂರ ಒಂಬತ್ತು ಸಲ. ಎಣಿಸಿದ್ದೀನಿ."

ಇಬ್ತಿಹಾಲ್ ಕಣ್ಣು ಮುಚ್ಚಿಕೊಂಡಳು.

"ಗೇಟಿನ ಪುಸ್ತಕದ ಹಾಳೆ ಸಿಕ್ತು, ಮಗಳೇ."

ಆ 'ಮಗಳೇ' ಬಾಯಿಗೆ ಹೇಗೆ ಬಂತೋ ದಲೆಂದಾಳಿಗೇ ತಿಳಿಯಲಿಲ್ಲ.

"ಸಿಗಲಿ ಅಂತಾನೇ ಇದ್ದೆ. ನನ್ನ ಬಾಯಿಂದ ಹೇಳೋಕೆ ಆಗ್ತಿರಲಿಲ್ಲ." ಇಬ್ತಿಹಾಲ್ ಕೈಗಳನ್ನು ತೊಡೆಯ ಮೇಲೆ ಒಂದರೊಳಗೊಂದು ಹೆಣೆದುಕೊಂಡಳು. "ಒಂಬತ್ತು ದಿನ ಮನೆಗೆ ಬರಲಿಲ್ಲ ಅವನು. ಯಂತ್ರಕ್ಕೆ ಹುಷಾರಿಲ್ಲ ಅಂದ, ಅಷ್ಟೇ. ಆ ದಿನ ಶಾಲೆಗೆ ರಜಾ ಹಾಕಿ, ಶರ್ಮೂಲಾ ಗೊಜ್ಜಿನ ಮೀನು ಮಾಡ್ಕೊಂಡು, ಅಣ್ಣನ ಕಾರು ತಗೊಂಡು ಹೋದೆ. ಗೇಟಿಗೆ ಬಂದ. ನೋಡಿ ಗುರುತೇ ಸಿಗಲಿಲ್ಲ. ಕಾರಲ್ಲಿ ಕೂತು ಎರಡು ತುತ್ತು ತಿಂದ. 'ಹತ್ತೂ ಹತ್ತಕ್ಕೆ ಎಬ್ಬಿಸು, ಮರೀಬೇಡ' ಅಂದ. ನನ್ನ ಭುಜಕ್ಕೆ ತಲೆ ಇಟ್ಟ. ಅಷ್ಟೇ, ನಿದ್ದೆ."

"ಮರೆತ್ರಾ?"

"ಇಲ್ಲ." ಅವಳ ದನಿ ಉಸಿರಿನಷ್ಟಾಯಿತು. "ಹತ್ತೂ ಹತ್ತು ಆಯ್ತು. ನೋಡಿದೆ. ಬಾಯಿ ತೆರೆದು ಮಗುವಿನ ಹಾಗೆ ಮಲಗಿದ್ದ. ಇನ್ನೈದು ನಿಮಿಷ ಅಂದ್ಕೊಂಡೆ. ಆಮೇಲೆ ಇನ್ನೈದು. ಒಂದು ಯಂತ್ರಕ್ಕಾಗಿ ಮನುಷ್ಯ ಸಾಯಬೇಕಾ ಅಂತ ಸಿಟ್ಟು ಬಂತು ನನಗೆ. ಸಿಟ್ಟಲ್ಲೇ ಅವನ ತಲೆ ಸವರ್ತಾ ಕೂತಿದ್ದೆ. ಒಳಗೆ ಅವರೆಲ್ಲ ಆಗ..."

ಮುಂದಿನದು ಬರಲಿಲ್ಲ. ದಲೆಂದಾ ಎದ್ದುಹೋಗಿ ಪಕ್ಕದಲ್ಲಿ ಕುಳಿತಳು. ಬೆನ್ನ ಮೇಲೆ ಕೈಯಿಟ್ಟಳು. ಕೆಳಗಿನ ಬೀದಿಯಲ್ಲಿ ಯಾರೋ ಎಣ್ಣೆ ಡಬ್ಬಿ ಉರುಳಿಸಿಕೊಂಡು ಹೋಗುತ್ತಿದ್ದರು.

"ಇದಕ್ಕೆ ಶಿಕ್ಷೆ ಇದೆಯಾ?" ಇಬ್ತಿಹಾಲ್ ಕೇಳಿದಳು.

"ಗಂಡನನ್ನ ಮಲಗೋಕೆ ಬಿಟ್ಟಿದ್ದಕ್ಕೆ ಯಾವ ಕಾನೂನಲ್ಲೂ ಶಿಕ್ಷೆ ಇಲ್ಲ." ದಲೆಂದಾ ಚೀಲದಿಂದ ಹಸಿರು ಕಡತ ತೆಗೆದಳು. "ಆದ್ರೆ ಇದಕ್ಕಿದೆ. ಜನವರಿಯಲ್ಲಿ ನಿಮ್ಮ ಶಾಲೆ ಹೆಸರಲ್ಲಿ ಪರವಾನಗಿ ತಗೊಂಡು ಶೀತಲಗೃಹಕ್ಕೆ ಕೊಟ್ಟಿದ್ದಾರೆ. ಸಹಿ ನಿಮ್ಮದು."

ಇಬ್ತಿಹಾಲ್ ಕಾಗದವನ್ನು ತೆಗೆದುಕೊಂಡಳು. ಅವಳ ಮುಖದಲ್ಲಿ ಮೊದಲು ಏನೂ ಕಾಣಲಿಲ್ಲ. ಆಮೇಲೆ ಹುಬ್ಬು ಗಂಟಿಕ್ಕಿತು.

"ಚಳಿಗಾಲದಲ್ಲಿ ಕೇಳಿದ್ದ," ಎಂದಳು ನಿಧಾನವಾಗಿ. "'ಮಾಲೀಕರು ಹೀಗಂತಾರೆ, ನಿಮ್ಮ ಶಾಲೆ ಹೆಸರಲ್ಲಿ ತರೋಕಾಗುತ್ತಾ' ಅಂತ. ನಾನು ಬೈದೆ. ಮಕ್ಕಳ ಹೆಸರಲ್ಲಿ ಸುಳ್ಳು ಹೇಳ್ಬೇಕಾ ಅಂದೆ. 'ಆಯ್ತು ಬಿಡು ಮಾರಾಯ್ತಿ' ಅಂದ. ಆ ವಿಷಯ ಅಲ್ಲಿಗೇ ಮುಗೀತು."

"ಹಾಗಾದ್ರೆ ಈ ಸಹಿ?"

ಅವಳು ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಬೆರಳು ಅರಬ್ಬಿ ಸಹಿಯ ಕೊನೆಗೆ ಬಂದು ನಿಂತಿತು.

"ಕಡೇ ಅಕ್ಷರದ ಕೆಳಗೆ ಎರಡು ಚುಕ್ಕಿ ಇಟ್ಟಿದೆ. ನಾನು ಇಡಲ್ಲ. ಗೆರೆ ಎಳೀತೀನಿ. ಅಂಕಪಟ್ಟಿಗಳು ಗುಡ್ಡೆ ಬಿದ್ದಾಗ ಪಕ್ಕ ಕೂತು ಅರ್ಧಕ್ಕೆ ಅವನೇ ನನ್ನ ಸಹಿ ಹಾಕ್ತಿದ್ದ. ನಗ್ತಾ ನಗ್ತಾ. ಯಾರಿಗೂ ಗೊತ್ತಾಗ್ತಿರಲಿಲ್ಲ. ನಾನು ಮಾತ್ರ ಚುಕ್ಕಿ ನೋಡಿ ಹಿಡೀತಿದ್ದೆ."

ದಲೆಂದಾಳ ತಲೆಯಲ್ಲಿ ಒಂದೊಂದೇ ಎಳೆ ತನ್ನ ಜಾಗ ಸೇರಿತು. ಮಾಲೀಕನ ಒತ್ತಾಯಕ್ಕೆ ಸೋತು ವಜ್ದಿ ಹೆಂಡತಿಯ ಸಹಿ ಹಾಕಿದ್ದ. ಪರವಾನಗಿ ಕೈಗೆ ಬಂದ ಮೇಲೆ ಅದರ ಮೇಲೆ ಹೆಂಡತಿಯ ಹೆಸರು ನೋಡಿದ್ದ. ಆ ಕೀಲಿಯನ್ನು ಒಮ್ಮೆ ಒತ್ತಿದರೆ ಸಾಕು, ಎಂದಾದರೂ ತಪಾಸಣೆಯಾದ ದಿನ ಸಿಕ್ಕಿಬೀಳುವವಳು ಅವಳು. ಒತ್ತಲಿಲ್ಲ. ಯಾರಿಗೂ ಹೇಳಲೂ ಇಲ್ಲ. ಹೇಳಿದರೆ ಆ ಕಾಗದ ಹೊರಬರುತ್ತಿತ್ತು. ಮಾಡಿದ ಒಂದು ತಪ್ಪನ್ನು ಒಂಬತ್ತು ದಿನ ನಿದ್ದೆಗೆಟ್ಟು ಮೈಮೇಲೆ ಹೊತ್ತು ನಿಂತಿದ್ದ.

ಇದನ್ನು ಬರೆದರೆ ಮಾಲೀಕ ನಗುತ್ತಾನೆ. ಸತ್ತವನು ನಕಲಿ ಸಹಿಯ ಕಳ್ಳನಾಗುತ್ತಾನೆ. ಬರೆಯದಿದ್ದರೆ, ಕಾಗದದ ಮೇಲಿನ ಹೆಸರು ಬದುಕಿರುವವಳದ್ದು.

ಇಬ್ತಿಹಾಲ್ ಬಟ್ಟೆಯ ಅಂಚಿನಿಂದ ಮುಖ ಒರೆಸಿಕೊಂಡಳು. ಒರೆಸಿಕೊಂಡ ಮುಖ ಬೇರೆಯದೇ ಆಗಿತ್ತು. ತರಗತಿಯ ಮುಂದೆ ನಿಲ್ಲುವವಳ ಮುಖ.

"ಚುಕ್ಕಿ ವಿಷಯ ನಿಮಗೆ ನಾನು ಹೇಳಿಲ್ಲ," ಎಂದಳು.

"ಏನು?"

"ಸಹಿ ನಂದೇ. ನಾನೇ ಹಾಕಿದ್ದು, ಅವನಿಗೆ ಗೊತ್ತಿರಲಿಲ್ಲ. ಹಾಗಂತ ಬರ್ಕೊಳ್ಳಿ. ಒಂದು ಗಂಟೆ ಮಲಗೋಕೆ ಬಿಟ್ಟು ಅವನನ್ನ ಕೊಂದಿದ್ದೀನಿ. ಹೆಸರನ್ನಾದ್ರೂ ಬದುಕಿಸ್ತೀನಿ."

"ಜೈಲಿಗೆ ಹೋಗ್ತೀಯ. ಇನ್ನೆಂದೂ ಪಾಠ ಹೇಳೋಕೆ ಬಿಡಲ್ಲ."

"ಗೊತ್ತು."

"ಸುಳ್ಳು ಹೇಳಿಕೆ ಅಂತ ಗೊತ್ತಿದ್ದೂ ಬರೆದ್ರೆ ನಾನೂ..."

"ಅದೂ ಗೊತ್ತು, ಲಲ್ಲಾ. ಅವನು ನಿಮ್ಮ ವಿದ್ಯಾರ್ಥಿ. ಎರಡನೇ ಸಾಲಲ್ಲಿ ಕೂರ್ತಿದ್ದನಂತೆ. ನಿಮ್ಮ ಬಗ್ಗೆ ಎಷ್ಟು ಹೇಳ್ತಿದ್ದ ಗೊತ್ತಾ?"

ಅವಳು ಎದ್ದು ಕಿಟಕಿಯ ಬಳಿ ಹೋದಳು. ದಲೆಂದಾ ತಡೆಯುವಷ್ಟರಲ್ಲಿ ಹೊರಗೆ ಬಗ್ಗಿ ಕೂಗಿಯೇಬಿಟ್ಟಳು.

"ಸಿ ಮುಖ್ತಾರ್! ಮೇಲೆ ಬನ್ನಿ. ಹೇಳಿಕೆ ಇದೆ."

ಕಾರಿನ ಬಾಗಿಲು ಬಡಿದ ಸದ್ದು ಕೇಳಿಸಿತು. ಮೆಟ್ಟಿಲ ಮೇಲೆ ಭಾರವಾದ ಹೆಜ್ಜೆಗಳು. ಏದುಸಿರು ಬಿಡುತ್ತ ಮುಖ್ತಾರ್ ಬಾಗಿಲಲ್ಲಿ ಕಾಣಿಸಿಕೊಂಡ. ಇಬ್ಬರ ಮುಖವನ್ನೂ ನೋಡಿದ. ಕುಳಿತು, ಹೊಸ ಹಾಳೆ ತೆಗೆದು, ತಾರೀಕು ಬರೆದ.

"ಹೇಳಮ್ಮ," ಎಂದ.

ಇಬ್ತಿಹಾಲ್ ನೆಟ್ಟಗೆ ಕುಳಿತು ಬಾಯಿ ತೆರೆದಳು.

"ಜನವರಿ ತಿಂಗಳಲ್ಲಿ ನಾನು—"

"ತಡೀರಿ," ಎಂದಳು ದಲೆಂದಾ. ಅವಳ ಅಂಗೈ ಹಸಿರು ಕಡತದ ಮೇಲೆ ಚಪ್ಪಟೆಯಾಗಿ ಬಿದ್ದಿತ್ತು, ಸರಿಯಾಗಿ ಆ ಸಹಿಯ ಮೇಲೆ. "ಮೊದಲು ನನ್ನ ಹೇಳಿಕೆ ಬರ್ಕೊಳ್ಳಿ, ಸಿ ಮುಖ್ತಾರ್."